ಮೂರನೇ ಸಾಲಿನ ಉಸಿರು

ಟೈಲರಮ್ಮನಿಗೆ ಆ ಭಾನುವಾರ ಚರ್ಚಿನಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಆರಾಧನೆಯ ಹೊತ್ತಿಗೆ ಅವಳ ಕೈ ಹಾರ್ಮೋನಿಯಂ ಮೇಲಿರುತ್ತಿತ್ತು, ಕಾಲು ಅದರ ತಿದಿಗೆ ಗಾಳಿ ತುಂಬುವ ಹಲಗೆಯ ಮೇಲಿರುತ್ತಿತ್ತು. ಇವತ್ತು ಮುಂದೆ ಹೊಸ ಕೀಬೋರ್ಡು, ಅದರ ಹಿಂದೆ ಸೊಸೆ. ತಾನು ಮಾತ್ರ ಕೊನೆಯ ಬೆಂಚಿನಲ್ಲಿ, ತೀರಿಹೋದ ಗಂಡ ಕೂರುತ್ತಿದ್ದ ಜಾಗದಲ್ಲಿ.

ಗಂಡ ಬಡಗಿ. "ಆರು ದಿನ ಹೊಲಿಗೆ ಮೆಷಿನ್ನು ತುಳೀತೀಯ, ಏಳನೇ ದಿನ ಈ ಪೆಟ್ಟಿಗೆ ತುಳೀತೀಯ. ನಿನ್ನ ಕಾಲಿಗೆ ಮಾತ್ರ ದೇವರು ಸಬ್ಬತ್ತಿನ ವಿಶ್ರಾಂತಿ ಬರೆದಿಲ್ಲ ಕಣೇ," ಎಂದು ನಗುತ್ತಿದ್ದ. ಆ ಮಂಡಿಗಳೇ ಈಗ ಕೈಕೊಟ್ಟಿದ್ದವು.

ಪೆಟ್ಟಿಗೆಯಂತೂ ಅವಳಿಗಿಂತ ಹಳೆಯದು. ಅದರ ತಿದಿ ಎಂದೋ ಸೀಳಿತ್ತು. ಗಂಡ ಚರ್ಮದ ತೇಪೆಯ ಮೇಲೆ ತೇಪೆ ಹಾಕಿದರೂ ಗಾಳಿ ಯಾರಪ್ಪನ ಮಾತೂ ಕೇಳಲಿಲ್ಲ. ಕಾಣಿಕೆಯ ಹೊತ್ತಿಗೆ ಹಾಡುವ ಗೀತೆಯ ಸಾಲುಗಳು ಬಲು ಉದ್ದ. ಮೂರನೇ ಸಾಲು ಮುಗಿಯುವಷ್ಟರಲ್ಲಿ ಪೆಟ್ಟಿಗೆಗೆ ಉಸಿರು ಕಟ್ಟುತ್ತಿತ್ತು. ಆಗ ಅವಳು ಕೈ ಎತ್ತಿ, ಟಪ್ ಟಪ್ ಎಂದು ಎರಡು ಸಲ ಜೋರಾಗಿ ತುಳಿದು, ಗಾಳಿ ತುಂಬಿಕೊಂಡ ಮೇಲೆ ನಾಲ್ಕನೇ ಸಾಲಿಗೆ ಇಳಿಯುತ್ತಿದ್ದಳು. ಅಲ್ಲಿಯವರೆಗೆ ಸಭೆಯೆಲ್ಲ ಬಾಯಿ ಮುಚ್ಚಿ ಕಾಯುತ್ತಿತ್ತು. ಆ ಬಿಡುವಿನಲ್ಲೇ ಗಂಡ ಹಿಂದಿನ ಬೆಂಚಿನಿಂದ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವಳಿಗೆ ಅದು 'ನಾನಿದ್ದೀನಿ' ಎಂದಂತೆ ಕೇಳುತ್ತಿತ್ತು.

ಹೊಸಬರು ಮಾತ್ರ ಅಲ್ಲಿ ಸಿಕ್ಕಿಬೀಳುತ್ತಿದ್ದರು. ನಿಶ್ಶಬ್ದದಲ್ಲಿ ಒಬ್ಬರದೇ ದನಿ ಎದ್ದು, ಆಮೇಲೆ ಹಾಡಿನ ಪುಸ್ತಕದ ಹಿಂದೆ ಮುಖ ಮರೆಸಿಕೊಳ್ಳಬೇಕಾಗುತ್ತಿತ್ತು. ಸಭೆಯ ಪಾಲಕರಾದ ಅಯ್ಯನವರೂ ಬಂದ ಮೊದಲ ವಾರ ಹೀಗೇ ಸಿಕ್ಕಿಬಿದ್ದಿದ್ದರು. ಅವರ ದನಿಯೋ, ದೇವರೇ ಕಾಪಾಡಬೇಕು! ಗಂಡ ಸಾಯುವ ತನಕ ಅದನ್ನು ನೆನೆದು ನಕ್ಕ.

ಸೊಸೆ ಕೆಟ್ಟವಳಲ್ಲ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಲೇ ಮಾತು ತೆಗೆದಿದ್ದಳು. "ಅತ್ತೆ, ನೀವು ತುಳಿದದ್ದು ಸಾಕು. ಇನ್ಮೇಲೆ ನಾನು ನುಡಿಸ್ತೀನಿ. ಆದ್ರೆ ಮೂರನೇ ಸಾಲಲ್ಲಿ ನಿಲ್ಸಲ್ಲ. ಪುಸ್ತಕದಲ್ಲಿ ಹಾಗಿಲ್ಲ. ಕೀಬೋರ್ಡಿಗೇನು ಉಸಿರು ಕಟ್ಟುತ್ತಾ?"

"ನಿಲ್ಲಿಸ್ಬೇಡಮ್ಮ. ಅದಕ್ಕೆ ನನ್ನನ್ನ ಯಾಕೆ ಕೇಳ್ತೀಯ?"

ಬಾಯಲ್ಲಿ ಅಂದದ್ದು ಅಷ್ಟೇ. ಪೆಟ್ಟಿಗೆ ಹಳೇ ಸಾಮಾನು, ಹೋಗಲಿ. ಆದರೆ ಆ ಬಿಡುವೇ ಹೋದರೆ ಗಂಡನ ದನಿಗೆ ಚರ್ಚಿನಲ್ಲಿ ಜಾಗವೆಲ್ಲಿ? ತಾನಿದ್ದ ಗುರುತಾದರೂ ಎಲ್ಲಿ? ಒಂದು ಆಯುಷ್ಯದ ಸೇವೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಅವಳಿಗೆ ಅಳು ಬಂದಿತ್ತು. ಈ ವಾರ ಮನೆಯಲ್ಲೇ ಉಳಿಯೋಣವೆಂದೂ ಅಂದುಕೊಂಡಿದ್ದಳು. ಆದರೆ ಗಂಟೆಯ ಸದ್ದು ಕೇಳಿದ ಮೇಲೆ ಕಾಲು ನಿಲ್ಲಬೇಕಲ್ಲ.

ಕಾಣಿಕೆಯ ಹೊತ್ತು ಬಂತು. ಅಯ್ಯನವರು ಎದ್ದು ನಿಂತು, "ಎಲ್ರೂ ನೆನಪಿಟ್ಕೊಳ್ಳಿ, ಇವತ್ತಿಂದ ಮೂರನೇ ಸಾಲಲ್ಲಿ ನಿಲ್ಲೋ ಹಾಗಿಲ್ಲ. ಒಂದೇ ಓಟ!" ಎಂದರು. ಸಭೆ ಬಹಳ ವಿಧೇಯತೆಯಿಂದ ತಲೆಯಾಡಿಸಿತು.

ಕೀಬೋರ್ಡು ಚೆನ್ನಾಗಿಯೇ ನುಡಿಯಿತು. ಅದಕ್ಕೆ ಗೂರಲೂ ಇಲ್ಲ, ಕೆಮ್ಮೂ ಇಲ್ಲ. ಒಂದನೇ ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೇ ಸಾಲಿನ ಕೊನೆಗೆ ಬಂದದ್ದೇ ತಡ, ಇಡೀ ಸಭೆ ಗಪ್ಪನೆ ನಿಂತುಬಿಟ್ಟಿತು.

ಕೀಬೋರ್ಡು ಒಂದೇ ಮೂರ್ನಾಲ್ಕು ಹೆಜ್ಜೆ ಒಂಟಿಯಾಗಿ ಮುಂದೆ ಓಡಿ ಪೆಚ್ಚಾಗಿ ನಿಂತಿತು. ಸೊಸೆ ಗಾಬರಿಯಿಂದ ಅಯ್ಯನವರ ಮುಖ ನೋಡಿದಳು. ಒಂದೇ ಓಟ ಎಂದಿದ್ದ ಅಯ್ಯನವರೇ ಬಾಯಿ ಮುಚ್ಚಿ ನಿಂತಿದ್ದರು.

ಟೈಲರಮ್ಮನ ಕಾಲು ಅವಳನ್ನು ಕೇಳದೆಯೇ ನೆಲಕ್ಕೆ ಬಡಿಯಿತು. ಟಪ್, ಟಪ್. ನಾಲ್ಕನೇ ಸಾಲು ಎಲ್ಲರ ಬಾಯಲ್ಲೂ ಒಟ್ಟಿಗೆ ಎದ್ದಿತು.

ಅವಳಿಗೆ ಹಾಡಲಾಗಲಿಲ್ಲ. ತಿದಿ ಹರಿದ ಪೆಟ್ಟಿಗೆಯನ್ನು ತಾನೊಬ್ಬಳೇ ಎಳೆದುಕೊಂಡು ಬಂದೆ, ಸಭೆಯನ್ನು ತಾನೇ ಹಾಡಿಸಿದೆ ಎಂದುಕೊಂಡಿದ್ದಳು. ಇವರಾದರೋ ಇಷ್ಟು ವರ್ಷ, ವಾರವಾರವೂ, ತನಗಾಗಿ ಉಸಿರು ಹಿಡಿದು ಕಾದಿದ್ದರು. ಒಬ್ಬರೂ ಒಂದು ದಿನ ಗೊಣಗಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದವರು ನೋಡಿದರೆ ನೋಡಲಿ.

ಎರಡನೇ ಚರಣದಲ್ಲಿ ಮೂರನೇ ಸಾಲು ಮುಗಿಯಿತು. ಈ ಸಲ ಸೊಸೆ ತಾನೇ ಕೈ ಎತ್ತಿದಳು. ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದೆ ಅವಳ ಬೆರಳುಗಳು ಗಾಳಿಯಲ್ಲೇ ತಡೆದು ನಿಂತವು.

ಹಿಂದಿನ ಬೆಂಚಿನಲ್ಲಿ ಟೈಲರಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡಳು.

ಸೊಸೆ ತಿರುಗಿ ನೋಡಲಿಲ್ಲ. ಬೆರಳು ಕೆಳಗಿಳಿಸಿ ನಾಲ್ಕನೇ ಸಾಲು ಹಿಡಿದಳು.