ಬಿಡು ಅಂದ ಮಾತು

ಚಂದ್ರಮೌಳಿ ಬಾಗಿಲಲ್ಲಿ ನಿಂತು ಛತ್ರಿ ಮಡಿಸುವಷ್ಟರಲ್ಲಿ ಮಳೆನೀರು ಹಿಡಿಯಲು ಸೂರಿನಂಚಿಗೆ ಕೂರಿಸಿದ್ದ ಗಟರ್ ತುಂಬಿ ಉಕ್ಕಿ, ಒಂದು ಚೊಂಬಿನಷ್ಟು ನೀರು ಅವನ ಕತ್ತಿನೊಳಕ್ಕೇ ಸುರಿಯಿತು.

"ಥತ್! ಏನಯ್ಯಾ ಬದರಿ ಇದು, ನಿನ್ನ..." ಎಂದವನು ಅಲ್ಲಿಗೇ ನಿಲ್ಲಿಸಿದ. ಬೈಸಿಕೊಳ್ಳಬೇಕಾದ ಬದರಿನಾಥ ಗುಡ್ಡದ ಕೆಳಗಿನ ಫ್ಯೂನರಲ್ ಹೋಮಿನಲ್ಲಿ ನಾಲ್ಕು ದಿನದಿಂದ ತಣ್ಣಗೆ ಮಲಗಿದ್ದ. ಅವನನ್ನು ಕಳಿಸಿಕೊಡುವ ದಿನ ಇವತ್ತು. ಗಂಡನ ಸ್ನೇಹಿತನಿಗೆ ತಲೆ ಒರೆಸಿಕೊಳ್ಳಲು ಕೌಸಲ್ಯಾ ಟವೆಲ್ ತಂದುಕೊಟ್ಟಳು.

ಅಮೆರಿಕದ ಇಸ್ಸಾಕ್ವಾ ಊರಿನ ಈ ಗುಡ್ಡದ ಮೇಲೆ ನವೆಂಬರ್ ಬಂತೆಂದರೆ ಫರ್ ಮರಗಳ ಸೂಜಿಯಂಥ ಎಲೆ ಉದುರಿ ಗಟರ್ ಕಟ್ಟಿಕೊಳ್ಳುವುದು ವರ್ಷವರ್ಷದ ಕತೆ. ವರ್ಷವರ್ಷವೂ ಬದರಿನಾಥ ಏಣಿ ಹತ್ತಿ ಅದನ್ನು ಕೆರೆದು ತೆಗೆಯುತ್ತಿದ್ದ. ಈ ಸಲ ಅರ್ಧ ತೆಗೆದಿದ್ದ. ಉಳಿದರ್ಧ ಈಗ ಬಂದವರ ತಲೆಯ ಮೇಲೆ ಸುರಿಯುತ್ತಿತ್ತು.

ಕಾರಿನಲ್ಲಿ ಚಂದ್ರಮೌಳಿ ಸುಮ್ಮನಿರಲಾರದೆ ಹೇಳಿದ. "ತಪ್ಪು ತಿಳ್ಕೋಬೇಡಿ ಅತ್ತಿಗೆ. ಅಳು ಬರೋದಕ್ಕಿಂತ ಜಾಸ್ತಿ ಸಿಟ್ಟು ಬರ್ತಿದೆ ಅವನ ಮೇಲೆ. ಈ ವಯಸ್ಸಲ್ಲಿ ಒಬ್ಬನೇ ಏಣಿ ಹತ್ತಿ ಬೀಳೋದಾ? ಒಂದು ಮಾತು ಕರೆದಿದ್ರೆ ನೀವು ಬಂದು ಹಿಡ್ಕೊಳ್ತಿರ್ಲಿಲ್ವಾ?"

"ಈಗ ಯಾಕ್ರೀ ಆ ಮಾತು," ಎಂದು ಅವನ ಹೆಂಡತಿ ರಜನಿ ಗದರಿ, ಹಿಂದೆ ತಿರುಗಿ ಕೌಸಲ್ಯಾಳ ಮಂಡಿಯ ಮೇಲೆ ಕೈಯಿಟ್ಟಳು. "ನೀನಾದ್ರೂ ಏನು ಮಾಡೋಕಾಗ್ತಿತ್ತು? ಒಳಗಿದ್ದೆ."

ಒಳಗಿದ್ದೆ. ಶನಿವಾರ ಆಂಬುಲೆನ್ಸಿನವರು ಕೇಳಿದಾಗ ಅವಳ ಬಾಯಿಂದ ಬಂದದ್ದು ಇದೊಂದೇ ಮಾತು. ಆಮೇಲೆ ಅದನ್ನು ಅವಳು ಮತ್ತೆ ಹೇಳಲೇ ಇಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಬಂದವರೆಲ್ಲ ಅವಳ ಪರವಾಗಿ ತಾವೇ ಹೇಳುತ್ತಿದ್ದರು.

*

ಬದರಿನಾಥನಿಗೆ ಕೆಂಟ್‌ನಲ್ಲಿ, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೆಗೆದು ಪಕ್ಕಕ್ಕಿಡುವ ಮನುಷ್ಯ. ಮನೆಯಲ್ಲೂ ಅದೇ ಜಾಯಮಾನ. ಕಾರಿನ ಬ್ರೇಕ್ ಅವನೇ ಬದಲಾಯಿಸಬೇಕು, ಡಿಶ್‌ವಾಷರ್ ಕಟ್ಟಿಕೊಂಡರೆ ಅವನೇ ಬಿಚ್ಚಬೇಕು. ಮೈಸೂರಿಂದ ಹೊತ್ತು ತಂದ ಗ್ರೈಂಡರ್ ಮೂರು ಸಲ ಸತ್ತು ಮೂರು ಸಲವೂ ಅವನ ಕೈಯಲ್ಲಿ ಬದುಕಿತ್ತು. ಗ್ಯಾರೇಜಿನ ಕರೆಂಟ್ ಪೆಟ್ಟಿಗೆಯ ಸ್ವಿಚ್ಚುಗಳಿಗೆಲ್ಲ ಕನ್ನಡದಲ್ಲಿ ಚೀಟಿ ಅಂಟಿಸಿದ್ದ: 'ದೇವರ ಮೂಲೆ', 'ಪೃಥ್ವಿ ರೂಮು', 'ಒಗ್ಗರಣೆ ಫ್ಯಾನು', 'ಯಾವುದೋ ಗೊತ್ತಿಲ್ಲ, ಮುಟ್ಟಬೇಡ'. ಒಮ್ಮೆ ಅವನು ಊರಲ್ಲಿಲ್ಲದಾಗ ಕರೆಸಿದ ಎಲೆಕ್ಟ್ರಿಷಿಯನ್ ಅದನ್ನು ನೋಡಿ, ತಲೆ ಕೆರೆದುಕೊಂಡು, ಹಾಗೇ ವಾಪಸು ಹೋಗಿದ್ದ.

ಏಣಿಯ ವಿಷಯದಲ್ಲಂತೂ ಅವನದು ಮಡಿವಂತರ ಕಟ್ಟುನಿಟ್ಟು.

"ಹಿಡ್ಕೊಂಡ್ಯಾ?"

"ಹಿಡ್ಕೊಂಡೆ."

ಇದು ಕಿವಿಗೆ ಬೀಳದೆ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ. ಇಳಿಯುವಾಗ "ಇಳೀತಿದೀನಿ" ಎನ್ನಬೇಕು. ಎರಡೂ ಪಾದ ನೆಲಕ್ಕೆ ಬಂದ ಮೇಲೆ "ಆಯ್ತು" ಎನ್ನಬೇಕು. ಆಗ ಮಾತ್ರ ಅವಳು ಕೈ ತೆಗೆಯಬಹುದು. "ಹತ್ತಿದ ಏಣಿ ಒದೆಯೋ ಜನ ಕಣೇ ಲೋಕದಲ್ಲಿರೋದು. ನೀನು ಹಿಡ್ಕೋ, ಸಾಕು," ಎಂದು ನಗುತ್ತಿದ್ದ. ಮನೆ ಕೊಂಡ ತೊಂಬತ್ನಾಲ್ಕನೇ ಇಸವಿಯಿಂದ ಇಪ್ಪತ್ತೆರಡು ವರ್ಷ ಗಟರ್, ಬಲ್ಬು, ಚಾವಣಿಯ ಪಾಚಿ ಎಲ್ಲವೂ ಹೀಗೇ ನಡೆದಿತ್ತು.

ಉಳಿದೆಲ್ಲಕ್ಕೂ ಅವನಲ್ಲಿ ಒಂದೇ ಉತ್ತರ. ಮಂಡಿ ನೋವಿಗೆ ಡಾಕ್ಟರಿಗೆ ತೋರಿಸೋಣ ಎಂದರೆ ಬಿಡು. ಹೊಸ ಕಾರು ನೋಡೋಣ ಎಂದರೆ ಬಿಡು. ದಿನಕ್ಕೆ ಇಪ್ಪತ್ತು ಸಲ ಬಿಡು.

*

ಫ್ಯೂನರಲ್ ಹೋಮಿನಲ್ಲಿ ಪುರೋಹಿತರ ಮಂತ್ರ ಮುಗಿದ ಮೇಲೆ ಮಗ ಪೃಥ್ವಿ ಫೋನ್ ಹಿಡಿದು ಎದ್ದ. ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿರುವ ಹುಡುಗ. ಒಂದು ಮೊಳೆ ಹೊಡೆಯಬೇಕಾದರೂ ಫೋನಿನಲ್ಲೇ ಆಳು ಕರೆಸುವವನೆಂದು ಅಪ್ಪನಿಂದ ಬೈಸಿಕೊಂಡವನು. ಇಂಗ್ಲಿಷಿನಲ್ಲಿ ಬರೆದುಕೊಂಡದ್ದನ್ನು ಓದಿದ. ಕೊನೆಯಲ್ಲಿ ತಲೆಯೆತ್ತಿ, "ಅಮ್ಮ ಟೋಲ್ಡ್ ಮಿ ಹಿಸ್ ಲಾಸ್ಟ್ ವರ್ಡ್," ಎಂದ. "ಬಿಡು. ಇಟ್ ಮೀನ್ಸ್ ಲೆಟ್ ಗೋ."

ಆಸ್ಪತ್ರೆಯ ಪಡಸಾಲೆಯಲ್ಲಿ ಮಗ ಅಳುತ್ತಾ, ಅಪ್ಪ ಕೊನೆಗೆ ಏನಂದರು ಎಂದು ಕೇಳಿದಾಗ ಆ ಒಂದು ಪದ ಕೌಸಲ್ಯಾಳ ಬಾಯಿ ತಪ್ಪಿ ಬಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಅವನು ಅದನ್ನು ನೆಂಟರಿಷ್ಟರ ನಡುವೆ ದೇವರ ಪ್ರಸಾದ ಹಂಚಿದ ಹಾಗೆ ಹಂಚುತ್ತಿದ್ದ. ಕೆಂಟ್ ಕಾರ್ಖಾನೆಯಿಂದ ಬಂದಿದ್ದ ಅಮೆರಿಕನ್ನರು ಕಣ್ಣೊರೆಸಿಕೊಂಡು ತಲೆಯಾಡಿಸಿದರು.

"ಎಂಥಾ ಮಾತು ಅತ್ತಿಗೆ!" ಚಂದ್ರಮೌಳಿ ಪಿಸುಗುಟ್ಟಿದ. ಬೆಳಗಿನ ಸಿಟ್ಟೆಲ್ಲ ಕರಗಿ ಹೋಗಿತ್ತು. "ಋಷಿಗಳ ಬಾಯಲ್ಲಿ ಬರೋ ಮಾತು. ಇವನಿಗೆ ಇಷ್ಟು ವೈರಾಗ್ಯ ಇತ್ತು ಅಂತ ನಮಗೆ ಗೊತ್ತೇ ಇರ್ಲಿಲ್ಲ ನೋಡಿ."

ವೈರಾಗ್ಯ! ಹಳೆಯ ತಿರುಪುಮೊಳೆಗಳನ್ನೂ ಬಿಸಾಡದೆ ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಟ್ಟಿದ್ದವನಿಗೆ. ಅವಳಿಗೆ ಕೂಗಬೇಕೆನಿಸಿತು. ಇಲ್ಲೇ, ಈಗಲೇ, ಇಷ್ಟೂ ಜನರ ಎದುರು.

ಒಳಗಿನ ಕೋಣೆಯಲ್ಲಿ ಪೃಥ್ವಿ ಹಸಿರು ಗುಂಡಿ ಒತ್ತಿದ. ಉಕ್ಕಿನ ಬಾಗಿಲಿನ ಹಿಂದೆ ಬೆಂಕಿ ಮೊರೆಯತೊಡಗಿತು.

*

ಶನಿವಾರ ಬೆಳಿಗ್ಗೆ ಹತ್ತೂವರೆ. ಒಲೆಯ ಮೇಲೆ ಕುಕ್ಕರಿನಲ್ಲಿ ಬೇಳೆ. ಏಣಿಯ ಅಲ್ಯುಮಿನಿಯಂ ಅಂಗೈ ಕೊರೆಯುತ್ತಿತ್ತು. ಮೇಲೆ ಬದರಿನಾಥ, ಹಿಡಿ ಮುರಿದ ಹಳೆಯ ದೋಸೆ ಮಗುಚುವ ಕೈಯಿಂದ ಗಟರ್ ಕೆರೆಯುತ್ತಿದ್ದ. ಅದಕ್ಕಿಂತ ಒಳ್ಳೆಯ ಸಾಮಾನು ಇಡೀ ಅಮೆರಿಕದಲ್ಲೇ ಇಲ್ಲವೆಂದು ಅವನ ವಾದ.

"ರೀ, ರಜನಿ ಮನೇಲಿ ಇಬ್ರು ಬಂದು ಅರ್ಧ ಗಂಟೇಲಿ ಕ್ಲೀನ್ ಮಾಡಿ ಹೋದ್ರಂತೆ. ಮುಂದಿನ ಸಲ ನಾವೂ ಅವ್ರನ್ನೇ ಕರೆಸೋಣ."

ಕೆರೆಯುವ ಸದ್ದು.

"ರೀ, ನಿಮಗೇ ಹೇಳ್ತಿರೋದು. ನನಗೂ ಕೈ ಮರಗಟ್ಟತ್ತೆ."

"ಬಿಡು."

ಒಳಗೆ ಕುಕ್ಕರ್ ನಾಲ್ಕನೇ ಸಲ ಕೂಗಿತು. ಅವನು ಹೇಳಿದ್ದು ಆ ಮಾತು ಬಿಡು ಎಂದು. ಅದು ಅವಳಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ಏಣಿಗೆ ಅವನು ಯಾವತ್ತೂ ಆ ಪದ ಬಳಸಿದವನಲ್ಲ. ಆದರೆ ಬೇಳೆ ಸೀಯುತ್ತಿತ್ತು, ಕೈ ಕೊರೆಯುತ್ತಿತ್ತು, ಇಪ್ಪತ್ತೆರಡು ವರ್ಷದ ಅಷ್ಟೂ ಬಿಡುಗಳು ಒಟ್ಟಿಗೇ ನೆತ್ತಿಗೇರಿದವು. ಬಿಡು ಅಂದೆಯಲ್ಲ, ತಗೋ, ಬಿಟ್ಟೆ ಎಂದು ಮನಸ್ಸಿನಲ್ಲೇ ಮೂತಿ ತಿರುಗಿಸಿ ಕೈ ತೆಗೆದಳು. ಬಾಗಿಲಿಗೆ ಮೂರು ಹೆಜ್ಜೆ. ಎರಡು ಇಟ್ಟಿದ್ದಳು.

*

ಮನೆಗೆ ಬಂದಾಗ ಬಾಗಿಲಲ್ಲಿ ನೀರು ಇನ್ನೂ ಸುರಿಯುತ್ತಲೇ ಇತ್ತು. ಸ್ನಾನ ಮಾಡಿ ಬಂದ ಪೃಥ್ವಿ ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಬೇಲಿಯ ಪಕ್ಕದಲ್ಲಿ ಯಾರೋ ಮಲಗಿಸಿದ್ದ ಏಣಿಯನ್ನು ಎತ್ತಿ ತಂದು ಸೂರಿಗೆ ಒರಗಿಸಿದ.

"ಬೇಡ ಕಣೋ ಪೃಥ್ವಿ," ಎಂದಳು ರಜನಿ.

"ಇಟ್ಸ್ ಹಾಫ್ ಡನ್, ಆಂಟಿ. ಅಪ್ಪ ಹೇಟೆಡ್ ಹಾಫ್ ಡನ್."

ಚಂದ್ರಮೌಳಿ ಮುಂದೆ ಬಂದ. "ನಾನು ಹಿಡ್ಕೋತೀನಿ ಅತ್ತಿಗೆ. ನೀವು ಒಳಗೆ ನಡೀರಿ."

"ಬೇಡಿ. ನಾನೇ."

ಅವಳು ಎರಡೂ ಕಡೆ ಹಿಡಿದು ನಿಂತಳು. ಹುಡುಗನಿಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಕೇಳದೆಯೇ ಹೇಳಿದಳು: "ಹಿಡ್ಕೊಂಡೆ."

ಮೇಲಿಂದ ಕಪ್ಪು ಕೊಳೆತ ಎಲೆ ಮುದ್ದೆಮುದ್ದೆಯಾಗಿ ಬಿದ್ದವು. ಅವನ ಕೈ ಒಮ್ಮೆಗೇ ನಿಂತಿತು. ಎಲೆಗಳ ನಡುವೆ ಸಿಕ್ಕಿದ್ದ ದೋಸೆ ಮಗುಚುವ ಕೈಯನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಪ್ಪನದೇ ದನಿಯಲ್ಲಿ ಅಂದ.

"ಅಮ್ಮ, ಬಿಡು. ಐಯಾಮ್ ಕಮಿಂಗ್ ಡೌನ್."

ಅವಳು ಬಿಡಲಿಲ್ಲ. ಅವನು ಒಂದೊಂದೇ ಮೆಟ್ಟಿಲು ಇಳಿದು, ಅವಳ ಎರಡು ತೋಳುಗಳ ನಡುವೆ ನೆಲಕ್ಕೆ ಬಂದ. ಎರಡೂ ಪಾದ.

"ಅಮ್ಮ? ಯೂ ಕೆನ್ ಲೆಟ್ ಗೋ ನೌ."

"ಅಪ್ಪ ಒಬ್ರೇ ಹತ್ತಿರ್ಲಿಲ್ಲ ಕಣೋ," ಎಂದಳು ಕೌಸಲ್ಯಾ. ಬಾಗಿಲಲ್ಲಿ ನಿಂತಿದ್ದ ಚಂದ್ರಮೌಳಿಗೂ ರಜನಿಗೂ ಕೇಳುವಷ್ಟು ಗಟ್ಟಿಯಾಗಿ. "ಯಾವತ್ತೂ ಒಬ್ರೇ ಹತ್ತಿದವರಲ್ಲ. ನಾನು ಹಿಡ್ಕೊಂಡಿದ್ದೆ. ಬೇರೆ ಏನಕ್ಕೋ ಬಿಡು ಅಂದ್ರು. ನಾನು ಏಣಿ ಬಿಟ್ಟೆ."

ಗಟರಿನ ನೀರು ಈಗ ಬಾಗಿಲ ಮೇಲೆ ಬೀಳುತ್ತಿರಲಿಲ್ಲ. ಕೊಳವೆಯೊಳಗೆ ಗುಳುಗುಳು ಸದ್ದು ಮಾಡುತ್ತ ಸರಿಯಾಗಿ ಇಳಿಯುತ್ತಿತ್ತು. ಪೃಥ್ವಿ ಕೆಸರು ಮೆತ್ತಿದ ಕೈಯಿಂದ, ಏಣಿಗೆ ಬಿಗಿದುಕೊಂಡಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಅವು ಬರಲಿಲ್ಲ.