ನೀಲಿ ಡ್ರಮ್ಮು

"ಮೂಸಿ ನೋಡು ಚನ್ನಪ್ಪಣ್ಣ," ಎಂದು ಕಾಮಾಕ್ಷಮ್ಮ ಚೊಂಬನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ನೀರು ಕಣಮ್ಮಿ. ಬೀಡಿ ವಾಸ್ನೆ ಬುಟ್ರೆ ಈ ಮೂಗಿಗೆ ಬ್ಯಾರೇದು ಗೊತ್ತಾಗಕಿಲ್ಲ."

ಅರಕಲಗೂಡಿನ ಕಡೆಯ ಶುಂಠಿ ಹೊಲದಂಚಿನಲ್ಲಿ, ಕೀಳುವ ಕೆಲಸ ಮುಗಿಯುವವರೆಗಷ್ಟೇ ನಿಲ್ಲುವ ತಗಡಿನ ಶೆಡ್ಡುಗಳು. ಚನ್ನಪ್ಪನಂಥ ಆಳುಗಳಿಗೆಲ್ಲ ಅಡುಗೆ ಕಾಮಾಕ್ಷಮ್ಮನದು. ಕುಡಿಯುವ ನೀರಿನ ಡ್ರಮ್ಮು ಒಡೆದಿದೆಯೆಂದು ಮೇಸ್ತ್ರಿ ರವೀಂದ್ರ ಬೇರೆಯದನ್ನು ತಂದಿಟ್ಟಿದ್ದ. ಅಂದಿನಿಂದ ಅವಳ ಮಗಳು ಮಾನ್ಯಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಡ್ರಮ್ಮಿನ ಮೈಮೇಲೆ ಚೀಟಿ ಕಿತ್ತ ಗುರುತು. ಶುಂಠಿಗೆ ಕೊಳೆರೋಗ ಬಂದಾಗ ಮದ್ದು ಕಲಸುವ ಡ್ರಮ್ಮುಗಳೂ ನೀಲಿಯವೇ.

ಕೇಳಿದ್ದಕ್ಕೆ ರವೀಂದ್ರ ನಕ್ಕಿದ್ದ. "ಹೊಸಾದು ಕಣಕ್ಕ, ಹೊಳೆನರಸೀಪುರದಲ್ಲಿ ತಕಂಡೆ. ಮಗೀಗೆ ಬಿಸ್ಲು ಒಡ್ದದೆ ಅಷ್ಟೇಯ."

ಹೊಸದಕ್ಕೆ ಒಳಗೆಲ್ಲ ಗೀರು ಯಾಕೆ? ಅವಳು ಕೇಳಲಿಲ್ಲ. ಬಾಯಿಗೇನು, ಏನು ಬೇಕಾದರೂ ಹೇಳುತ್ತದೆ.

ಮಾರನೆಯ ಬೆಳಗ್ಗೆ ಅವನು ಬೈಕು ನಿಲ್ಲಿಸಿದ. ಹ್ಯಾಂಡಲಿಗೆ ಎಂದಿನಂತೆ ನೀರಿನ ಬಾಟಲಿ ತೂಗುತ್ತಿತ್ತು. ಕಾಮಾಕ್ಷಮ್ಮ ತಟ್ಟೆಯಲ್ಲಿ ಬೆಲ್ಲದ ಚೂರು, ಪಕ್ಕದಲ್ಲಿ ಚೊಂಬು ನೀರು ಇಟ್ಟುಕೊಂಡು ಎದುರಿಗೆ ನಿಂತಳು. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸುವ ವಾಡಿಕೆ ಅವರ ಕಡೆ ಇಲ್ಲ. ಕೊಟ್ಟದ್ದನ್ನು ಬೇಡವೆನ್ನುವ ವಾಡಿಕೆಯೂ ಇಲ್ಲ.

"ಏನಕ್ಕ, ಬೀಗ್ರು ಬಂದಂಗೆ ಮಾಡ್ತಿದೀಯ?"

"ಬಿಸ್ಲಲ್ಲಿ ಬಂದಿದೀಯಲ್ಲಪ್ಪ, ತಕ."

ರವೀಂದ್ರ ಬೆಲ್ಲ ಬಾಯಿಗೆ ಹಾಕಿಕೊಂಡ. ಚೊಂಬೆತ್ತಿದವನು ತಡೆದ. "ಯಾವ ನೀರಕ್ಕ ಇದು?"

"ಇರದೇ ಒಂದು ಡ್ರಮ್ಮು."

ಬೆಲ್ಲ ಅವನ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿತು. ಶೆಡ್ಡಿನ ನೆರಳಲ್ಲಿ ಕೂತಿದ್ದ ಚನ್ನಪ್ಪ ಬಾಯಿಂದ ಬೀಡಿ ತೆಗೆದ. "ಕುಡಿಯಪ್ಪ ಮೇಸ್ತ್ರಿ, ಬೆಲ್ಲ ಗಂಟ್ಲಿಗೆ ಅಂಟ್ಕಂಡೀತು."

"ಈಗ್ತಾನೆ ಟೀ ಕುಡ್ಕಂಡ್ ಬಂದೆ," ಎಂದು ರವೀಂದ್ರ ಚೊಂಬನ್ನು ತಟ್ಟೆಗೆ ಮರಳಿ ಇಟ್ಟ. ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

ಕಾಮಾಕ್ಷಮ್ಮ ತಟ್ಟೆಯನ್ನು ನೆಲದ ಮೇಲಿಟ್ಟು ಹೋಗಿ ಡ್ರಮ್ಮಿಗೆ ಭುಜ ಕೊಟ್ಟು ನೂಕಿದಳು. ಅಲುಗಲಿಲ್ಲ. ಚನ್ನಪ್ಪ ಬೀಡಿ ಎಸೆದು ಬಂದು ತಾನೂ ಭುಜ ಕೊಟ್ಟ. ಡ್ರಮ್ಮು ಉರುಳಿತು. ನೀರು ಕೆಮ್ಮಣ್ಣಿನ ಮೇಲೆ ಹರಿಯುತ್ತ ಮೇಸ್ತ್ರಿಯ ಚಪ್ಪಲಿಯವರೆಗೂ ಬಂತು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

"ಅವ್ವಾ, ನೀರು," ಎಂದಳು ಮಾನ್ಯ, ಶೆಡ್ಡಿನೊಳಗಿಂದ.

ಕಾಮಾಕ್ಷಮ್ಮ ಬೈಕಿನ ಹ್ಯಾಂಡಲಿನಿಂದ ಬಾಟಲಿಯನ್ನು ಬಿಚ್ಚಿಕೊಂಡು ಒಳಗೆ ಹೋದಳು.