ಹಳದಿ ನಂಬಬೇಡಿ

ಸುನಿಲ್‌ಕುಮಾರನ ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತಿನಲ್ಲಿ ಅವನು ಅಕ್ಷತಳ ಮುಖ ನೋಡಿ ಆಡಿದ್ದು ಒಂದೇ ಮಾತು: "ಕೂತ್ಕೊಳ್ಳಿ ಸಿಸ್ಟರ್." ಉಳಿದ ಮಾತೆಲ್ಲ ಪಕ್ಕದಲ್ಲಿದ್ದ ಅವಳ ಅಣ್ಣ ಗೋವಿಂದರಾಜುವಿಗೆ. ಕಂಪ್ಯೂಟರ್ ಬೇಕಾಗಿದ್ದದ್ದು ಅವಳಿಗೆ, ದುಡ್ಡು ಅವಳದು, ಯಾವ ಯಾವ ಭಾಗ ಬೇಕೆಂದು ಪಟ್ಟಿ ಬರೆದವಳೂ ಅವಳೇ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿದ ಗೋವಿಂದರಾಜು ಬೈಕಿನಲ್ಲಿ ತಂಗಿಯನ್ನು ಕರೆತಂದಿದ್ದ, ಅಷ್ಟೇ. ಆದರೂ ನಮ್ಮೂರ ಅಂಗಡಿಗಳಲ್ಲಿ ಮಾತು ಮೀಸೆ ಇರುವ ಕಡೆಗೇ ತಿರುಗುತ್ತದೆ, ಏನು ಮಾಡುವುದು.

"ಈ ಲಿಸ್ಟ್ ಯಾರು ಬರ್ಕೊಟ್ರೋ ಗೊತ್ತಿಲ್ಲ ಗುರು" ಎಂದು ಸುನಿಲ್‌ಕುಮಾರ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಗ್ರಾಫಿಕ್ಸ್ ಕಾರ್ಡೇ ಇಲ್ಲ. ಮೂವತ್ತೆರಡು ಜಿಬಿ ರ‍್ಯಾಮ್ ಅಂತೆ. ಅರ್ಧ ದುಡ್ಡು ಮಾನಿಟರ್‌ಗೇ ಸುರಿಯೋದಾ? ನಾನ್ ಹೇಳ್ದಂಗೆ ಮಾಡಿ. ಒಳ್ಳೆ ಗೇಮಿಂಗ್ ಕಾರ್ಡ್ ಹಾಕೋಣ, ಗಾಜಿನ ಕ್ಯಾಬಿನೆಟ್ಟು, ಒಳಗೆಲ್ಲ ಲೈಟು. ಮನೆಗೆ ಬಂದೋರು ನಿಂತ್ಕೊಂಡ್ ನೋಡ್ಬೇಕು."

"ಬರ್ದಿದ್ದು ನಾನು" ಎಂದಳು ಅಕ್ಷತ. "ನಾನು ಗೇಮ್ ಆಡಲ್ಲ, ಸೀರೆ ಡಿಸೈನ್ ಮಾಡ್ತೀನಿ. ಒಂದು ಸೆರಗಿನ ಫೈಲ್ ತೆಗೆದ್ರೆ ಸಾಕು, ಇರೋ ರ‍್ಯಾಮೆಲ್ಲ ಅದಕ್ಕೇ ಹೋಗುತ್ತೆ. ಅದಕ್ಕೇ ಮೂವತ್ತೆರಡು. ಮಾನಿಟರ್ ಮಾತ್ರ ಬಣ್ಣ ಇದ್ದಂಗೇ ತೋರಿಸ್ಬೇಕು."

"ಬಣ್ಣ ಎಲ್ಲದ್ರಲ್ಲೂ ಬರುತ್ತೆ, ಅಲ್ವಾ ಗುರು?" ಸುನಿಲ್‌ಕುಮಾರ ನಕ್ಕ.

"ಅವ್ರಿಗೆ ಗೊತ್ತಿರುತ್ತೆ ಕಣೇ" ಎಂದ ಗೋವಿಂದರಾಜು.

ಅಕ್ಷತಳಿಗೆ ಮೈ ಉರಿಯಿತು. ಎರಡು ತಿಂಗಳ ಹಿಂದೆ ಮನೆಯಲ್ಲಿ ಇದೇ ಅಣ್ಣ ಇದೇ ಮಾತು ಆಡಿದ್ದ.

ಆರು ವರ್ಷ ಅವಳು ದೊಡ್ಡಬೆಳವಂಗಲದಿಂದ ದಿನಾ ಬಸ್ಸು ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದು ರಾಮಾಂಜಿನಪ್ಪನ ಮಗ್ಗದ ಶೆಡ್ಡಿನಲ್ಲಿ ಸೀರೆಗಳಿಗೆ ಅಂಚು, ಸೆರಗು ಬರೆದಿದ್ದಳು. ಅಲ್ಲಿನ ಮಾನಿಟರ್ ಹಳೆಯದು. ಬರಬರುತ್ತ ಅದರ ಬೆಳಕೇ ಹಳದಿಗೆ ತಿರುಗಿ, ನಿಂಬೆ ಬಣ್ಣ ಹಾಕಿದರೆ ಅರಿಶಿನದಂತೆ ಕಾಣುತ್ತಿತ್ತು. ಬದಲಾಯಿಸಿ ಎಂದು ಮೂರು ಸಲ ಹೇಳಿದಳು. ರಾಮಾಂಜಿನಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ವೈಶಾಖದ ಮದುವೆಗಳಿಗೆಂದು ನಗರದ ವ್ಯಾಪಾರಿಯೊಬ್ಬರು ಬಂದು, ಆ ಪರದೆ ನೋಡಿಯೇ ನಲವತ್ತು ಅರಿಶಿನ ಸೀರೆ ಒಪ್ಪಿಕೊಂಡರು. "ನೂಲಿನ ಲಡಿ ತೋರಿಸಿಬಿಡೋಣ" ಎಂದರೆ, "ಪಾರ್ಟಿ ಅವಸರದಲ್ಲಿದ್ದಾರೆ, ಸುಮ್ನಿರಮ್ಮ" ಎಂದ ರಾಮಾಂಜಿನಪ್ಪ. ಫೈಲಿನಲ್ಲಿದ್ದಂತೆಯೇ ಸೀರೆ ನೇಯ್ದು ಬಂದದ್ದು ನಿಂಬೆ ಹಳದಿ. ನಲವತ್ತೂ ವಾಪಸ್ಸು.

ಅವತ್ತು ಹದಿನೆಂಟು ಜನ ನೇಕಾರರ ಎದುರಿಗೆ ರಾಮಾಂಜಿನಪ್ಪ ಅಂದ ಮಾತು ಇದು: "ಕಣ್ಣು ಕಾಣ್ದೋಳನ್ನ ಬಣ್ಣದ ಕೆಲ್ಸಕ್ಕೆ ಇಟ್ಕೊಂಡಿದ್ದೇ ನನ್ನ ತಪ್ಪು." ಎಲ್ಲರೂ ನೆಲ ನೋಡಿದರು. ಅವಳ ಜೊತೆ ದಿನಾ ಟೀ ಹಂಚಿಕೊಂಡು ಕುಡಿಯುತ್ತಿದ್ದ ಹಿರಿಯ ನೇಕಾರ ಬೈರಪ್ಪನೂ. ಅಕ್ಷತ ಕೆಲಸ ಬಿಟ್ಟಳು. ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಯಾವ ಶೆಡ್ಡಿಗೆ ಹೋದರೂ, ಬಣ್ಣ ಕಾಣದ ಹುಡುಗಿ ಅಂದರೆ ನೀನೇನಾ ಎಂದು ಕೇಳುವವರೇ. ಮನೆಗೆ ಬಂದು ಅತ್ತರೆ, "ಯಜಮಾನ್ರಿಗೆ ಗೊತ್ತಿರುತ್ತೆ ಕಣೇ. ನೀನೂ ಸ್ವಲ್ಪ ನೋಡ್ಬೇಕಿತ್ತು" ಎಂದ ಅಣ್ಣ. ರಾಮಾಂಜಿನಪ್ಪ ಅಂದದ್ದಕ್ಕಿಂತ ಅವಳಿಗೆ ಚುಚ್ಚಿದ್ದು ಅದು.

ಊರಿಗೆಲ್ಲ ಒಬ್ಬಳೇ ಒಬ್ಬಳು, ನಾಲ್ಕು ಮಗ್ಗ ಇಟ್ಟುಕೊಂಡಿದ್ದ ಆದಿಲಕ್ಷ್ಮಮ್ಮ, ಬಾಗಿಲು ತೆರೆದಳು. ವರಮಹಾಲಕ್ಷ್ಮಿ ಹಬ್ಬದೊಳಗೆ ಮೂರು ಡಿಸೈನ್ ಬೇಕು, ಪರದೆಯ ಬಣ್ಣಕ್ಕೂ ನೂಲಿಗೂ ಕೂದಲೆಳೆ ವ್ಯತ್ಯಾಸ ಇರಬಾರದು, ತಪ್ಪಿದರೆ ಮತ್ತೆ ಬರಬೇಡ ಎಂದಳು. ಈ ಸಲವೂ ಬಣ್ಣ ತಪ್ಪಿದರೆ ದೊಡ್ಡಬಳ್ಳಾಪುರದಲ್ಲಿ ಅಕ್ಷತಳಿಗೆ ಕೆಲಸವಿಲ್ಲ. ಅದಕ್ಕೇ ಆ ಪಟ್ಟಿ. ಅದರ ಒಂದೊಂದು ಸಾಲನ್ನೂ ವಾರಗಟ್ಟಲೆ ಓದಿ, ಹುಡುಕಿ, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಅದನ್ನು ಇವನು ಎರಡು ಬೆರಳಲ್ಲಿ ಎತ್ತಿ ಹಿಡಿದು ಆಡಿಸುತ್ತಿದ್ದಾನೆ.

ಅಕ್ಷತ ಚೀಲಕ್ಕೆ ಕೈಹಾಕಿ ಐದು ರೇಷ್ಮೆ ಲಡಿ ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟಳು. ಅರಿಶಿನ, ನಿಂಬೆ, ಕುಂಕುಮ, ಗಿಳಿಹಸಿರು, ನವಿಲು ನೀಲಿ. ಪಕ್ಕದಲ್ಲಿ ಪೆನ್‌ಡ್ರೈವ್ ಇಟ್ಟಳು.

"ನೀವು ಹೇಳೋ ಗೇಮಿಂಗ್ ಮಾನಿಟರ್‌ಗೆ ಇದನ್ನ ಹಾಕಿ."

"ಇದೇನ್ ಸಿಸ್ಟರ್, ಕಂಪ್ಯೂಟರ್ ತಗೊಳ್ಳೋಕೆ ನೂಲು ಹಿಡ್ಕೊಂಡ್ ಬಂದಿದೀರಲ್ಲ" ಎನ್ನುತ್ತಲೇ ಸುನಿಲ್‌ಕುಮಾರ ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಅವಳದೇ ಸೀರೆ ಮೂಡಿತು. ಅಕ್ಷತ ಕುಂಕುಮದ ಲಡಿಯನ್ನು ಅಂಚಿನ ಪಕ್ಕಕ್ಕೆ ಹಿಡಿದಳು. ನೂಲು ಕುಂಕುಮ, ಪರದೆಯಲ್ಲಿ ಗುಲಾಬಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಅದೇ ಅಂಚು ಕಪ್ಪಿಗೆ ತಿರುಗಿತ್ತು.

"ಸೆಟ್ಟಿಂಗ್ಸಲ್ಲಿ ಅಡ್ಜಸ್ಟ್ ಮಾಡ್ಬೋದು" ಎಂದು ಅವನು ಮೂರ್ನಾಲ್ಕು ಬಟನ್ ಒತ್ತಿದ. ಗುಲಾಬಿ ಕಿತ್ತಳೆಯಾಯಿತು. ಅಷ್ಟಕ್ಕೆ ಅವನ ತಾಳ್ಮೆಯೂ ಮುಗಿಯಿತು. "ನೋಡಿ ಗುರು, ಇವ್ರು ಸುಮ್ನೆ ತಲೆ ಕೆಡಿಸ್ಕೋತಿದಾರೆ. ಇದೇ ಮಾಡೆಲ್ನ ಹೋದ ವಾರ ರಾಮಾಂಜಿನಪ್ಪೋರು ತಗೊಂಡೋದ್ರು. ಅಷ್ಟು ದೊಡ್ಡ ಶೆಡ್ ನಡೆಸೋರಿಗೆ ಗೊತ್ತಿಲ್ವಾ? ಹಳೇದು ಬಣ್ಣ ತಪ್ಪಾಗಿ ತೋರಿಸ್ತಿತ್ತಂತೆ, ಎಕ್ಸ್‌ಚೇಂಜ್‌ಗೆ ಕೊಟ್ರು. ಅಗೋ, ಅಲ್ಲಿದೆ."

ಅಕ್ಷತಳ ಕೈಯಲ್ಲಿದ್ದ ಲಡಿ ಅಲ್ಲೇ ನಿಂತಿತು. ಗೋಡೆಗೆ ಒರಗಿಸಿದ್ದ ಹಳೆ ಮಾನಿಟರನ್ನು ಅವಳು ದೂರದಿಂದಲೇ ಗುರುತಿಸಿದಳು. ಆರು ವರ್ಷ ನೋಡಿದ ಮುಖ ಅದು. ಕೆಳಗಿನ ಅಂಚಿಗೆ ತಾನು ಟೇಪು ಹಾಕಿ ಅಂಟಿಸಿದ್ದ ಚೀಟಿ ಇನ್ನೂ ಹಾಗೇ ಇತ್ತು. ಕಿತ್ತುಹಾಕುವಷ್ಟು ಗಮನವನ್ನೂ ಯಾರೂ ಅದಕ್ಕೆ ಕೊಟ್ಟಿರಲಿಲ್ಲ.

ಗೋವಿಂದರಾಜು ಎದ್ದು ಹೋಗಿ ಬಗ್ಗಿ ಚೀಟಿ ಓದಿದ. ಇನ್ನೊಂದು ಸಲ ಓದಿದ. ಫ್ಯಾಕ್ಟರಿಯಲ್ಲಿ ಅವನ ಕೆಲಸವೇ ಅಳತೆ ತಪ್ಪಿದ ಬಿಡಿಭಾಗಗಳನ್ನು ಹಿಡಿಯುವುದು. ಅಳೆಯುವ ಗೇಜೇ ಕೆಟ್ಟಿದ್ದರೆ ಕೆಲಸದವನನ್ನು ಬೈಯುವಂತಿಲ್ಲ ಎಂದು ಮೇಲಿನವರ ಹತ್ತಿರ ಜಗಳವಾಡಿದ್ದವನು. ಮನೆಯಲ್ಲಿ ತಂಗಿಗೆ ಮಾತ್ರ ಆ ನ್ಯಾಯ ಸಿಕ್ಕಿರಲಿಲ್ಲ.

"ಇದನ್ನ ಎಷ್ಟಕ್ಕೆ ಕೊಡ್ತೀರ?" ಎಂದ.

"ಅದ್ಯಾಕ್ ಗುರು? ಬಣ್ಣ ಸರಿಯಿಲ್ಲ ಅದು."

"ಗೊತ್ತು. ನನ್ ತಂಗಿ ಜನವರಿಯಲ್ಲೇ ಬರ್ದಿಟ್ಟಿದಾಳೆ" ಎಂದು ಗೋವಿಂದರಾಜು ಜೇಬಿಗೆ ಕೈಹಾಕಿದ. "ಇನ್ನೊಂದು ವಿಷ್ಯ. ಆ ಪಟ್ಟಿ ಬಗ್ಗೆ ಮಾತಿದ್ರೆ ಅವಳತ್ರ ಮಾತಾಡಿ. ನಂಗೇನೂ ಗೊತ್ತಿಲ್ಲ."

ಸುನಿಲ್‌ಕುಮಾರ ಮೊದಲ ಸಲ ಅಕ್ಷತಳ ಕಡೆ ಸರಿಯಾಗಿ ತಿರುಗಿದ. ಅವಳು ಪಟ್ಟಿಯನ್ನು ನೇರ ಮಾಡಿ ಅವನ ಮುಂದಿಟ್ಟಳು. "ಒಂದಕ್ಷರ ಬದಲಾಗ್ಬಾರ್ದು. ಮಾನಿಟರ್ ತರ್ಸಿ. ಬಂದ್ಮೇಲೆ ಲಡಿ ಹಿಡಿದು ನೋಡೇ ತಗೊಳ್ಳೋದು." ಅವನು ಆರ್ಡರ್ ಬರೆದುಕೊಂಡ.

ಅವರು ಮನೆ ದಾರಿ ಹಿಡಿಯಲಿಲ್ಲ. ರಾಮಾಂಜಿನಪ್ಪನ ಶೆಡ್ಡಿನಲ್ಲಿ ಸಂಜೆ ಟೀಗೆಂದು ಮಗ್ಗ ನಿಲ್ಲಿಸಿದ್ದರು. ಅಕ್ಷತ ಹಳೆ ಮಾನಿಟರನ್ನು ಎದೆಗವಚಿಕೊಂಡು ಒಳಗೆ ಹೋಗಿ, ಲೋಟಗಳನ್ನು ಸರಿಸಿ ನಡುವಿನ ಬೆಂಚಿನ ಮೇಲೆ ಇಟ್ಟಳು.

"ಬೈರಪ್ಪಣ್ಣ, ಇದರ ಮೇಲಿರೋ ಚೀಟಿ ಓದು. ಎಲ್ರಿಗೂ ಕೇಳೋ ಹಂಗೆ."

ಬೈರಪ್ಪ ಯಜಮಾನನ ರೂಮಿನ ಕಡೆ ನೋಡಿದ, ಅವಳ ಮುಖ ನೋಡಿದ, ಕನ್ನಡಕ ಏರಿಸಿಕೊಂಡ. "ಈ ಪರದೆಯಲ್ಲಿ ಹಳದಿ ನಂಬಬೇಡಿ. ಲಡಿ ಪಕ್ಕಕ್ಕಿಟ್ಟು ನೋಡಿ. ಅಕ್ಷತ. ಜನವರಿ ಹತ್ತು." ಅವನ ದನಿ ಕೊನೆಗೆ ಇಳಿಯಿತು. "ಇದು ಇಲ್ಲೇ ಇತ್ತು ಕಣವ್ವ. ನಾನೂ ನೋಡಿದ್ದೆ."

ರಾಮಾಂಜಿನಪ್ಪ ಒಳಗಿನ ರೂಮಿನಿಂದ ಹೆಗಲ ಟವೆಲ್ಲು ಸರಿಮಾಡಿಕೊಳ್ಳುತ್ತ ಬಂದ. "ಏನಮ್ಮಾ ಇದೆಲ್ಲ. ಆಗಿದ್ದು ಆಗೋಯ್ತು. ಹೊಸ ಸ್ಕ್ರೀನ್ ತಂದಿದೀನಿ. ಬೇಕಾದ್ರೆ ನಾಳೆಯಿಂದ ಬಾ ಕೆಲ್ಸಕ್ಕೆ."

ತಪ್ಪಾಯ್ತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಅದರ ಬದಲಿಗೆ ಬಂದದ್ದು 'ಬೇಕಾದ್ರೆ'.

"ಆ ಹೊಸದನ್ನೂ ಈಗ ತಾನೇ ಅಂಗಡಿಯಲ್ಲಿ ನೋಡ್ಕೊಂಡು ಬಂದೆ ಯಜಮಾನ್ರೇ" ಎಂದಳು ಅಕ್ಷತ. "ಅದ್ರಲ್ಲಿ ಕೆಂಪು ನಂಬಬೇಡಿ. ಈ ಸಲ ಚೀಟಿ ಬರ್ದು ಅಂಟಿಸೋಕೆ ನಾನಿರಲ್ಲ."

ಅವಳು ಹೊರಟಳು. ಅವತ್ತು ನೆಲ ನೋಡಿದ್ದ ಹದಿನೆಂಟು ಜನ ಈಗ ರಾಮಾಂಜಿನಪ್ಪನ ಮುಖ ನೋಡುತ್ತಿದ್ದರು.